ಅಗಿಯದೆ ನುಂಗಿದ ತುತ್ತು

ಟೈಫಾಯ್ಡ್ ಎಂಬ ಮಾತು ಬಂದರೆ ನಂಜನಗೂಡಿನ ಆ ಡಾಕ್ಟರಮ್ಮನಿಗೆ ಕುರ್ಚಿಯಲ್ಲಿ ಕೂರಲಾಗುತ್ತಿರಲಿಲ್ಲ. ಎದ್ದು ನಿಂತು, ಎಡಗೈ ಮುಷ್ಟಿಯನ್ನೇ ಜೀವಕೋಶ ಮಾಡಿಕೊಂಡು, ಬಲಗೈ ಬೆರಳಿನಿಂದ ತಟ್ಟುತ್ತಿದ್ದರು. “ಈ ಬ್ಯಾಕ್ಟೀರಿಯಾ ಬಾಗಿಲು ಒಡೆಯಲ್ಲ ಕಣ್ರೀ, ತೆಗೆಸುತ್ತೆ.” ಬಂದವರಿಗೆಲ್ಲ ಇದೇ ಮಾತು.

ಬಿಳಿಗೆರೆಯ ನಮ್ಮ ದೊಡ್ಡಪ್ಪ ಟೈಫಾಯ್ಡ್ ಜ್ವರ ಇಳಿಯಿತೆಂದು ಮಾತ್ರೆ ಬಿಟ್ಟಿದ್ದರು. ಜ್ವರ ಮರಳಿ ಬಂದಾಗ ನಾನೇ ಕರೆದುಕೊಂಡು ಹೋದೆ.

“ಮುದ್ದೆ ಅಗಿದು ತಿಂತೀರಾ?” ಎಂದು ಕೇಳಿದರು ಡಾಕ್ಟರಮ್ಮ.

“ಮುದ್ದೆ ಯಾರವ್ವಾ ಅಗೀತಾರೆ? ನುಂಗ್ತೀವಿ.”

ಡಾಕ್ಟರಮ್ಮನ ಕಣ್ಣು ಅರಳಿತು. “ಜೀವಕೋಶಾನೂ ಅಷ್ಟೇ ಕಣ್ರೀ. ಈ ಬ್ಯಾಕ್ಟೀರಿಯಾ ಸೂಜಿ ಥರದ್ದು ಚುಚ್ಚಿ ಒಳಗೆ ತನ್ನ ಸರಕು ಬಿಡುತ್ತೆ. ಕೋಶ ಮೋಸಹೋಗಿ ಇದನ್ನೇ ತುತ್ತು ಮಾಡಿ ನುಂಗುತ್ತೆ, ಅರಗಿಸಿಕೊಳ್ಳೋಕೆ ಆಗಲ್ಲ. ಇದು ಒಳಗೇ ಕೂತು ಮರಿ ಹಾಕಿ, ಉಂಡ ಮನೇನೇ ಹಾಳು ಮಾಡುತ್ತೆ. ಜ್ವರ ಇಳಿದ್ರೂ ಕೆಲವು ಅಡಗಿರ್ತವೆ. ಮಾತ್ರೆ ಪೂರ್ತಿ ಮುಗಿಸಬೇಕು.”

ದೊಡ್ಡಪ್ಪ ಆ ಮುಷ್ಟಿಯನ್ನೇ ದಿಟ್ಟಿಸಿದರು. “ಅಂಗಾರೆ ಇನ್ನೂ ಒಳಗೇ ಕುಂತವ್ಯಾ?”

“ಕುಂತವೆ.”

ಈ ಸಲ ದೊಡ್ಡಪ್ಪ ಒಂದು ಮಾತ್ರೆಯನ್ನೂ ಬಿಡಲಿಲ್ಲ. ಪೂರ್ತಿ ಗುಣವಾದ ಮೇಲೆ ತೋರಿಸಲು ಹೋದಾಗ ಡಾಕ್ಟರಮ್ಮ, “ಈಗೇನಾದ್ರೂ ತೊಂದರೆ ಇದೆಯಾ?” ಎಂದರು.

“ದವಡೆ ನೋವು ಕಣವ್ವಾ,” ಎಂದರು ದೊಡ್ಡಪ್ಪ. “ಅವತ್ತಿಂದ ಮುದ್ದೇನ ಅಗಿದೇ ತಿಂತಾವ್ನಿ.”