ನಾಲ್ಕನೆಯ ಹಲಗೆಯವನು

ಊರಿನಲ್ಲಿ ಎಲ್ಲರೂ ಅವನನ್ನು ಕರೆಯುತ್ತಿದ್ದುದು ‘ನೋಡೋಣ’ ಎಂದೇ. ಕನ್ನಡಕದ ಅಂಗಡಿಯ ಹಿಂಬದಿಯ ಕೋಣೆಯಲ್ಲಿ ಗಾಜು ಉಜ್ಜುವವನು. ಯಾರು ಏನು ಕೇಳಿದರೂ ಅವನ ಬಾಯಿಂದ ಮೊದಲು ಹೊರಡುತ್ತಿದ್ದುದು ಆ ಒಂದೇ ಮಾತು. ಕನ್ನಡಕ ನಾಳೆಗೆ ಸಿಗುತ್ತದೆಯೇ? ನೋಡೋಣ. ಮದುವೆಗೆ ಬರುತ್ತೀಯಾ? ನೋಡೋಣ. ಕಣ್ಣಿನ ವ್ಯವಹಾರದವನು ಬೇರೇನು ಹೇಳಿಯಾನು ಎಂದು ಜನ ನಗುತ್ತಿದ್ದರು. ಆ ಮಾತಿನಲ್ಲಿ ಒಪ್ಪಿಗೆ ಇರಲಿಲ್ಲ, ನಿರಾಕರಣೆಯೂ ಇರಲಿಲ್ಲ. ‘ಆಗುವುದಿಲ್ಲ’ ಎಂಬ ಪದವನ್ನು ಇನ್ನೊಂದು ದಿನಕ್ಕೆ ತಳ್ಳುವ ಉಪಾಯವಷ್ಟೇ ಇತ್ತು. ನಲವತ್ತೊಂದು ವರ್ಷ ಅವನು ಅದನ್ನು ಹೀಗೆಯೇ ತಳ್ಳಿಕೊಂಡು ಬಂದಿದ್ದ.

ಆ ಕೋಣೆಗೆ ಕಿಟಕಿಯಿರಲಿಲ್ಲ. ತಿರುಗುವ ಸಾಣೆಕಲ್ಲು, ಅದರ ಮೇಲೆ ಹನಿಹನಿಯಾಗಿ ಬೀಳುವ ನೀರು, ಕೆಳಗಿನ ತಟ್ಟೆಯಲ್ಲಿ ಗಾಜಿನ ಪುಡಿಯ ಬಿಳಿ ಕೆಸರು. ಫ್ರೇಮಿನಲ್ಲಿ ಕೂರುವಷ್ಟು ಮಾತ್ರ ಗಾಜಿನ ಅಂಚನ್ನು ಸವೆಸಬೇಕು. ಕೂದಲೆಳೆಯಷ್ಟು ಹೆಚ್ಚು ಸವೆದರೆ ಗಾಜು ಒಳಗೇ ಅಲುಗಾಡುತ್ತದೆ. ಕಡಿಮೆ ಸವೆದರೆ ಸ್ಕ್ರೂ ಬಿಗಿಯುವಾಗ ಚಟಾರನೆ ಸೀಳುತ್ತದೆ. ಈ ಕೆಲಸದಲ್ಲಿ ಅವನದು ಎತ್ತಿದ ಕೈ.

ಎರಡು ವಾರಕ್ಕೊಂದು ಭಾನುವಾರ ಅವನು ಇನ್ನೊಂದು ಕುರ್ಚಿಯಲ್ಲಿ ಕೂರುತ್ತಿದ್ದ. ಜಿಲ್ಲೆಯ ಚದುರಂಗ ತಂಡದಲ್ಲಿ ನಾಲ್ವರು, ನಾಲ್ಕು ಹಲಗೆ. ಎಲ್ಲರಿಗಿಂತ ಬಲವಾಗಿ ಆಡುವವರಿಗೆ ಮೊದಲನೆಯದು. ಅಲ್ಲಿ ಕೂರುತ್ತಿದ್ದವನು ಬಸ್ಸಿನ ಕಂಡಕ್ಟರ್. ಎರಡನೆಯದಕ್ಕೆ ಹಲ್ಲಿನ ಡಾಕ್ಟರಮ್ಮ, ಮೂರನೆಯದಕ್ಕೆ ತಂಡದ ನಾಯಕರಾದ ನಿವೃತ್ತ ಭೂಗೋಳದ ಮೇಷ್ಟ್ರು, ನಾಲ್ಕನೆಯದಕ್ಕೆ ಇವನು. ಸ್ಪರ್ಧೆ ಶುರುವಾಗುವ ಮುನ್ನ ನಾಲ್ಕು ಹೆಸರು ಬರೆದುಕೊಟ್ಟರೆ ಮತ್ತೆ ಬದಲಿಸುವಂತಿಲ್ಲ. ಒಂದು ಕುರ್ಚಿ ಖಾಲಿ ಬಿದ್ದರೂ ಇಡೀ ತಂಡವೇ ಹೊರಗೆ. ನಾಕೌಟ್ ಪಂದ್ಯಾವಳಿಯಾದ್ದರಿಂದ ಒಮ್ಮೆ ಸೋತರೆ ಆ ವರ್ಷದ ಕಥೆ ಮುಗಿಯಿತು. ಹನ್ನೊಂದು ವರ್ಷಗಳಲ್ಲಿ ಈ ತಂಡ ಎರಡನೆಯ ಸುತ್ತಿನ ಮುಖವನ್ನೇ ಕಂಡಿರಲಿಲ್ಲ.

ಆ ಧೈರ್ಯದ ಮೇಲೆಯೇ ಅವನು ಹೆಂಡತಿಗೆ ಮಾತು ಕೊಟ್ಟಿದ್ದು. ಅವಳು ಸರ್ಕಾರಿ ಆಸ್ಪತ್ರೆಯ ನರ್ಸ್. ಬೇಸಿಗೆಯಲ್ಲಿ ಅವಳಿಗೆ ಎಂಟು ಗಂಟೆ ದಾರಿಯ ಇನ್ನೊಂದು ಊರಿಗೆ ವರ್ಗವಾಗಿತ್ತು. ಆರು ವರ್ಷದ ಮಗಳನ್ನು ಜತೆಗೆ ಕರೆದುಕೊಂಡು ಹೋಗಿದ್ದಳು. ಅವಳಿಗೆ ರಾತ್ರಿ ಪಾಳಿ ಬಿದ್ದಾಗ ಮಗು ಪಕ್ಕದ ಕ್ವಾರ್ಟರ್ಸಿನವರ ಮನೆಯಲ್ಲಿ ಮಲಗುತ್ತಿತ್ತು. ಅಲ್ಲಿನ ಆಸ್ಪತ್ರೆಯ ಗೇಟಿನೆದುರು ಒಂದು ಕನ್ನಡಕದ ಅಂಗಡಿಯಿತ್ತು, ಅಲ್ಲಿ ಗಾಜು ಉಜ್ಜುವವರು ಬೇಕಾಗಿದ್ದರು. ಅವಳೇ ಹೋಗಿ ಕೇಳಿ ಬಂದಿದ್ದಳು.

“ಭಾನುವಾರ ಬಿಡುವಿಲ್ಲವಂತೆ, ಅಲ್ಲಿ ವಾರದ ರಜೆ ಮಂಗಳವಾರ,” ಎಂದಿದ್ದಳು. “ಬರ್ತೀರೋ ಇಲ್ವೋ? ನೋಡೋಣ ಅಂತ ಮಾತ್ರ ಅನ್ಬೇಡಿ.”

“ಬರ್ತೀನಿ ಕಣೇ. ಮೇಷ್ಟ್ರು ಆಗಲೇ ಹೆಸರು ಬರೆದುಕೊಟ್ಟಿದ್ದಾರೆ. ಮೊದಲನೇ ಸುತ್ತಲ್ಲಿ ಹೇಗೂ ಸೋಲ್ತೀವಿ. ಸೋತ ವಾರವೇ ಗಂಟುಮೂಟೆ ಕಟ್ತೀನಿ.”

ಹೇಗೂ ಸೋಲಬೇಕಾದವರು ಸೋಲಲಿಲ್ಲ. ಮೊದಲ ಸುತ್ತಿನಲ್ಲಿ ಎದುರಾಳಿಗಳಲ್ಲಿ ಒಬ್ಬನಿಗೆ ಜ್ವರ. ಕೆಮ್ಮುತ್ತಲೇ ಆಡಿ, ಮಂತ್ರಿಯನ್ನು ತಾನಾಗಿಯೇ ಡಾಕ್ಟರಮ್ಮನ ಕುದುರೆಯ ಬಾಯಿಗೆ ಕೊಟ್ಟ. ಎರಡನೆಯ ಸುತ್ತನ್ನು ಅದೃಷ್ಟದ ತಲೆಗೆ ಕಟ್ಟುವಂತಿರಲಿಲ್ಲ; ಕಂಡಕ್ಟರ್ ಅಂದು ನಿಜಕ್ಕೂ ಹುಲಿಯಂತೆ ಆಡಿದ. ಮೂರನೆಯದನ್ನು ಮೂರು–ಒಂದರಿಂದ ಗೆದ್ದು ಸೆಮಿಫೈನಲ್ ತಲುಪಿದಾಗ ಪತ್ರಿಕೆಯಲ್ಲಿ ನಾಲ್ವರ ಫೋಟೋ ಬಂತು. ಅಂಗಡಿಯ ಮಾಲೀಕರು ಅದನ್ನು ಕತ್ತರಿಸಿ ಮುಂಬಾಗಿಲ ಗಾಜಿಗೆ ಅಂಟಿಸಿದರು. ದಿನಾ ಬೆಳಿಗ್ಗೆ ಬಾಗಿಲು ತೆರೆಯುವಾಗ ಅವನು ತನ್ನ ಮುಖವನ್ನೇ ದೂಡಿಕೊಂಡು ಒಳಗೆ ಹೋಗಬೇಕಿತ್ತು. ಪ್ರತಿ ಗೆಲುವಿನ ಮರುದಿನ ಮೇಷ್ಟ್ರು ಅಂಗಡಿಗೆ ಬಂದು ಅವನ ಬೆನ್ನು ತಟ್ಟಿ, “ಈ ಸಲ ಕಪ್ ನಮ್ಮದೇ ಕಣಯ್ಯಾ,” ಎನ್ನುತ್ತಿದ್ದರು. ಪ್ರತಿ ಗೆಲುವಿನ ಸಂಜೆ ಅವನು ಫೋನಿನಲ್ಲಿ ಹೆಂಡತಿಗೆ, “ಇನ್ನೆರಡೇ ವಾರ,” ಎನ್ನುತ್ತಿದ್ದ. ಎರಡು ಕಡೆಯವರೂ ಅವನನ್ನು ಪ್ರೀತಿಯಿಂದಲೇ ಎಳೆಯುತ್ತಿದ್ದರು. ಅಡಕತ್ತರಿಯಲ್ಲಿ ಸಿಕ್ಕ ಸ್ಥಿತಿ ಅವನದು.

ಆ ಊರಿನ ಅಂಗಡಿಯವನು ಕೊನೆಗೆ ಗಡುವು ಹಾಕಿದ. ತಿಂಗಳ ಕೊನೆಯ ದಿನದವರೆಗೆ ಕಾಯುತ್ತೇನೆ, ಆಮೇಲೆ ಬೇರೆಯವರನ್ನು ಇಟ್ಟುಕೊಳ್ಳುತ್ತೇನೆ ಎಂದು ಹೇಳಿ ಕಳಿಸಿದ. ತಿಂಗಳ ಕೊನೆಯ ದಿನ ಸೋಮವಾರ. ಫೈನಲ್ ಇದ್ದದ್ದು ಅದರ ಹಿಂದಿನ ದಿನ, ಭಾನುವಾರ.

ಸೆಮಿಫೈನಲ್ ನಡೆದುದು ಒಂದು ಶಾಲೆಯ ಉದ್ದನೆಯ ಹಾಲಿನಲ್ಲಿ. ಅವನೆದುರು ಕೂತಿದ್ದವನು ಕೋಟು ತೊಟ್ಟ ಒಬ್ಬ ಮುದುಕ. ಇಪ್ಪತ್ತನಾಲ್ಕನೆಯ ನಡೆಯ ಹೊತ್ತಿಗೆ ಹಲಗೆಯ ಆ ತುದಿಯಿಂದ ಮುದುಕನ ಒಂಟೆ ಇವನ ಆನೆಗೆ ಗುರಿಯಿಟ್ಟು ನಿಂತಿತ್ತು. ಅವನಿಗೆ ಅದು ಕಂಡಿತು. ಅರ್ಧ ಮಿಲಿಮೀಟರಿನ ತಪ್ಪನ್ನು ಬರಿಗಣ್ಣಿನಲ್ಲಿ ಹಿಡಿಯುವವನಿಗೆ ಕಾಣದೆ ಇದ್ದೀತೇ? ಕಂಡೂ ಕಾಣದವನಂತೆ ಅವನು ಇನ್ನೊಂದು ಮೂಲೆಯ ಪೇದೆಯನ್ನು ಒಂದು ಮನೆ ಮುಂದೆ ತಳ್ಳಿದ. ಮುದುಕ ಒಂದು ಕ್ಷಣ ಅನುಮಾನದಿಂದ ಅವನ ಮುಖ ನೋಡಿ, ಆನೆಯನ್ನು ಎತ್ತಿಕೊಂಡ. ಮುಂದಿನ ಅರ್ಧ ಗಂಟೆಯಲ್ಲಿ ಆಟ ಮುಗಿಯಿತು. ಕೈಕುಲುಕಿ ಎದ್ದಾಗ ಅವನ ಕಿವಿ ಸುಡುತ್ತಿತ್ತು. ಆದರೆ ಮನಸ್ಸಿನಲ್ಲಿ ಆಗಲೇ ಬಟ್ಟೆ ಮಡಚಿಡತೊಡಗಿದ್ದ.

ಕಂಡಕ್ಟರ್ ಗೆದ್ದಿದ್ದ, ಡಾಕ್ಟರಮ್ಮ ಗೆದ್ದಿದ್ದರು, ಮೇಷ್ಟ್ರು ಸೋತಿದ್ದರು. ಇವನದೂ ಸೇರಿ ಎರಡು–ಎರಡು. ತೀರ್ಪುಗಾರ್ತಿ ಫಲಿತಾಂಶದ ಹಾಳೆಯ ಮೇಲೆ ಸ್ಕೇಲಿಟ್ಟು, ನಾಲ್ಕನೆಯ ಸಾಲಿನ ಮೇಲೆ ಕೆಂಪು ಗೆರೆ ಎಳೆದಳು.

“ಸಮ ಆದರೆ ಕೊನೆಯ ಹಲಗೆ ರದ್ದು. ಉಳಿದ ಮೂರರಲ್ಲಿ ನೀವು ಎರಡು, ಅವರು ಒಂದು. ಫೈನಲ್‌ಗೆ ನೀವು.”

ನಿಯಮ ಎಲ್ಲರಿಗೂ ಗೊತ್ತಿದ್ದದ್ದೇ. ಎರಡನೆಯ ಸುತ್ತನ್ನೇ ಕಾಣದ ತಂಡಕ್ಕೆ ಅದರ ಅಗತ್ಯ ಬಿದ್ದಿರಲಿಲ್ಲ, ಅಷ್ಟೇ. ಕಂಡಕ್ಟರ್ ಅವನನ್ನು ಸೊಂಟ ಹಿಡಿದು ಮೇಲೆತ್ತಿದ.

“ಲೋ ನೋಡೋಣ! ನೀನು ಸೋತಿದ್ದಕ್ಕೇ ನಾವು ಗೆದ್ದಿದ್ದು ಕಣೋ! ಗೆದ್ದವರೂ ಇಷ್ಟು ಉಪಕಾರ ಮಾಡಿದ್ದನ್ನ ನಾನು ನೋಡಿಲ್ಲ!”

“ಕೆಳಗಿಳಿಸಪ್ಪ ಅವನನ್ನ,” ಎಂದರು ಡಾಕ್ಟರಮ್ಮ. “ಮುಖ ನೋಡು, ಹಲ್ಲು ಕೀಳಿಸ್ಕೊಳ್ಳೋಕೆ ಬಂದವರ ಹಾಗಿದೆ.”

ಹೆಂಡತಿಗೆ ಫೋನ್ ಮಾಡಿದಾಗ ಹಿನ್ನೆಲೆಯಲ್ಲಿ ಆಸ್ಪತ್ರೆಯ ತಳ್ಳುಗಾಡಿಯ ಸದ್ದು ಕೇಳಿಸುತ್ತಿತ್ತು.

“ಏನಾಯ್ತು? ಸೋತ್ರಾ?”

“ನಾನು ಸೋತೆ. ನಾವು ಗೆದ್ವಿ.”

“ಒಗಟು ಹಾಕ್ಬೇಡಿ. ಡ್ಯೂಟಿಲಿದ್ದೀನಿ, ಬಿಡಿಸಿ ಹೇಳಿ.”

ಹೇಳಿದ. ಹೇಳುತ್ತ ಹೇಳುತ್ತ, ಯಾರಿಗೂ ಹೇಳಬಾರದೆಂದುಕೊಂಡಿದ್ದ ಒಂಟೆಯ ವಿಷಯವನ್ನೂ ಹೇಳಿಬಿಟ್ಟ. ಆ ಕಡೆ ತಳ್ಳುಗಾಡಿಯ ಸದ್ದು ನಿಂತಿತು.

“ಬೇಕಂತ ಸೋತ್ರಾ?”

“ನಿನಗೋಸ್ಕರ ಕಣೇ. ನಿಮ್ಮಿಬ್ಬರಿಗೋಸ್ಕರ.”

“ನನ್ನ ತಲೆಗೆ ಕಟ್ಟಬೇಡಿ. ಆಟ ಸೋಲಿ ಅಂತ ನಾನು ಯಾವತ್ತು ಹೇಳ್ದೆ? ಮನೆಗೆ ಬನ್ನಿ ಅಂದೆ. ಮೇಷ್ಟ್ರ ಮುಂದೆ ನಿಂತು ‘ನಾನು ಹೊರಡ್ತೀನಿ’ ಅನ್ನೋಕೆ ನಿಮಗೆ ನಾಲಿಗೆ ಏಳಲ್ಲ. ಅದಕ್ಕೆ ಕಳ್ಳದಾರಿ ಹುಡುಕ್ಕೊಂಡಿದ್ದೀರಿ.” ಅವಳ ದನಿ ತಗ್ಗಿತು. “ನಿನ್ನೆ ಬೆಳಿಗ್ಗೆ ಕರ್ಕೊಂಡು ಬರೋಕೆ ಹೋದ್ರೆ, ಮಗಳು ನಿದ್ದೆಗಣ್ಣಲ್ಲಿ ಪಕ್ಕದ ಮನೆಯವರನ್ನ ‘ಅಮ್ಮ’ ಅಂದ್ಳು ರೀ. ನೀವು ಗೆಲ್ಲಿ, ಬಿಡಿ, ನನಗದು ಬೇಡ. ಸೋಮವಾರ ಸಂಜೆಯೊಳಗೆ ಇಲ್ಲಿರಿ.”

ಆ ಎರಡು ವಾರ ಗಾಜು ಉಜ್ಜುತ್ತ ಅವನು ಒಂದು ಲೆಕ್ಕವನ್ನು ಮತ್ತೆ ಮತ್ತೆ ಮಾಡಿದ. ಉಳಿದ ಮೂವರು ಎರಡು–ಒಂದರಿಂದ ಮುಂದಿದ್ದರೆ, ತಾನು ಸೋತರೂ ತಂಡಕ್ಕೆ ಗೆಲುವು. ಅವರು ಹಿಂದಿದ್ದರೆ, ತಾನು ಗೆದ್ದರೂ ಸೋಲು. ಅವರು ಸರಿಸಮವಾಗಿ ನಿಂತ ದಿನ ಮಾತ್ರ ತನ್ನ ಆಟಕ್ಕೆ ಬೆಲೆ. ಹಾಗೊಂದು ದಿನ ಹನ್ನೊಂದು ವರ್ಷದಲ್ಲಿ ಬಂದಿತ್ತೇ ಎಂದು ನೆನಪಿಸಿಕೊಂಡ. ಬಂದಿರಲಿಲ್ಲ.

ಬುಧವಾರದ ಅಭ್ಯಾಸಕ್ಕೆ ಮೇಷ್ಟ್ರ ಮನೆಗೆ ಹೋದಾಗ ಅವನು ಬಾಯಿ ತೆರೆಯಲೇಬೇಕೆಂದು ನಿರ್ಧರಿಸಿದ್ದ. ಮೇಷ್ಟ್ರು ಗೋಡೆಗೆ ಬೆನ್ನು ಕೊಟ್ಟು ಕಾಯಿಗಳನ್ನು ಜೋಡಿಸುತ್ತಿದ್ದರು.

“ಮೇಷ್ಟ್ರೇ, ಒಂದು ವೇಳೆ ಫೈನಲ್‌ಗೆ ನಾನು ಇಲ್ಲದೆ ಹೋದ್ರೆ...”

“ಯಾಕೆ, ಸಾಯೋ ಯೋಚನೆ ಏನಾದ್ರೂ ಇದ್ಯಾ?”

“ಅಲ್ಲ, ನನ್ನ ಆಟ ಹೇಗೂ ಲೆಕ್ಕಕ್ಕೆ ಬರಲ್ಲ.”

“ಆಟ ಬರದೆ ಇರಬಹುದು, ಕುರ್ಚಿ ಬರುತ್ತಲ್ಲಯ್ಯಾ. ನೀನು ಕೂರಲಿಲ್ಲ ಅಂದ್ರೆ ನಾವು ಮೂವರೂ ಕೂರೋ ಹಾಗಿಲ್ಲ.” ಮೇಷ್ಟ್ರು ಕನ್ನಡಕ ತೆಗೆದು ಅವನ ಕಡೆ ಚಾಚಿದರು. “ಈ ಸ್ಕ್ರೂ ಸಡಿಲ ಆಗಿದೆ, ನೋಡು. ನನಗೆ ಎಪ್ಪತ್ತೆರಡು. ಇನ್ನೊಂದು ಫೈನಲ್ ನೋಡ್ತೀನಿ ಅನ್ನೋ ಆಸೆ ಇಲ್ಲ.”

ಅವನು ಜೇಬಿನಿಂದ ಸಣ್ಣ ಸ್ಕ್ರೂಡ್ರೈವರ್ ತೆಗೆದು ಬಿಗಿದುಕೊಟ್ಟ. ಹಲಗೆಯ ಈಚೆ ಕೂತು ತಾನೂ ಕಾಯಿ ಜೋಡಿಸತೊಡಗಿದ.

ಫೈನಲ್‌ಗೆ ಅವನು ಬಟ್ಟೆಯ ಚೀಲದ ಸಮೇತ ಹೋದ. ದೊಡ್ಡ ಊರಿನ ಟೌನ್‌ಹಾಲ್. ಬಸ್ ನಿಲ್ದಾಣ ಅದರ ಹಿಂದೆಯೇ. ಚೀಲವನ್ನು ಕುರ್ಚಿಯ ಕೆಳಗೆ ತಳ್ಳಿದ. ಯಾರೂ ಅದರ ಬಗ್ಗೆ ಕೇಳಲಿಲ್ಲ.

ಮಧ್ಯಾಹ್ನ ಮೂರರ ಹೊತ್ತಿಗೆ ಕಂಡಕ್ಟರ್ ಸೋತು ಎದ್ದ. ಡಾಕ್ಟರಮ್ಮನದು ಡ್ರಾ ಆಯಿತು. ಮೇಷ್ಟ್ರು ಗೆದ್ದರು. ಒಂದೂವರೆ–ಒಂದೂವರೆ. ಮೂವರೂ ಬಂದು ಅವನ ಹಲಗೆಯ ಸುತ್ತ ನಿಂತರು. ಯಾರೂ ಮಾತಾಡುವಂತಿರಲಿಲ್ಲ, ಕಂಡಕ್ಟರ್ ಉಗುರು ಕಚ್ಚುವ ಸದ್ದೊಂದೇ ಅವನಿಗೆ ಕೇಳಿಸುತ್ತಿತ್ತು.

ಎದುರಾಳಿ ಅಂಚೆ ಕಚೇರಿಯ ಗುಮಾಸ್ತ, ಒಳ್ಳೆಯ ಆಟಗಾರ. ಹಲಗೆಯ ಮೇಲೆ ಎರಡು ಕಡೆಯೂ ಒಂದೊಂದು ಆನೆ ಉಳಿದಿತ್ತು. ಇವನ ಬಳಿ ಒಂದು ಪೇದೆ ಹೆಚ್ಚಿಗೆ. ಗುಮಾಸ್ತ ಗಡಿಯಾರ ನೋಡಿ, ತಗ್ಗಿದ ದನಿಯಲ್ಲಿ ಕೇಳಿದ:

“ಡ್ರಾ ಮಾಡ್ಕೊಳ್ಳೋಣ್ವಾ?”

ಡ್ರಾ ಆದರೆ ಮತ್ತೆ ಸಮ. ಮೊದಲು ಇವನ ನಾಲ್ಕನೆಯ ಸಾಲು ರದ್ದು. ಆಗಲೂ ಸಮ ಉಳಿಯುವುದರಿಂದ ಮೂರನೆಯ ಸಾಲೂ ರದ್ದು, ಮೇಷ್ಟ್ರ ಗೆಲುವೂ ಅದರೊಂದಿಗೆ; ಉಳಿದೆರಡರ ಲೆಕ್ಕದಲ್ಲಿ ಕಪ್ ಎದುರಾಳಿಗಳಿಗೆ. ಇದು ಗುಮಾಸ್ತನಿಗೂ ಗೊತ್ತಿತ್ತು. ಈವರೆಗೆ ಯಾರು ಡ್ರಾ ಕೇಳಿದರೂ ಇವನು ಕೈ ಚಾಚಿದವನೇ. ಈಗ ಬೇರೆ ಆಸೆಯೂ ಇತ್ತು: ಒಂದು ತಲೆಯಾಡಿಸಿದರೆ ಸಾಕು, ಯಾರ ಮುಂದೆಯೂ ಏನನ್ನೂ ಹೇಳದೆ, ಚೀಲ ಎತ್ತಿಕೊಂಡು ಹೊರಡಬಹುದು. ಅವನು ಪೇದೆಯನ್ನು ನೋಡಿದ. ಕೊನೆಯ ಮನೆ ಮುಟ್ಟಿ ಮಂತ್ರಿಯಾಗಲು ಇನ್ನು ಮೂರು ಮನೆ.

“ಬೇಡ,” ಎಂದ.

ತನ್ನ ದನಿ ಅಷ್ಟು ದೊಡ್ಡದಾಗಿ ಹೊರಟೀತು ಎಂದು ಅವನೇ ಎಣಿಸಿರಲಿಲ್ಲ. ತೀರ್ಪುಗಾರರು ತಿರುಗಿ ನೋಡಿದರು. ಮುಂದಿನ ನಲವತ್ತು ನಿಮಿಷ ಅವನು ಗಾಜು ಸವೆಸುವ ಹಾಗೆಯೇ ಆಡಿದ. ಅವಸರವಿಲ್ಲ, ಒಂದೆಳೆಯೂ ಹೆಚ್ಚಿಲ್ಲ. ಪೇದೆ ಕೊನೆಯ ಮನೆ ಮುಟ್ಟುವ ಮೊದಲೇ ಗುಮಾಸ್ತ ರಾಜನನ್ನು ಮಲಗಿಸಿ, “ಚೆನ್ನಾಗಿ ಆಡಿದ್ರಿ,” ಎಂದ.

ಕಪ್ ಬಂತು, ಫೋಟೋ ಆಯಿತು. ಮೇಷ್ಟ್ರು ಅಳುತ್ತಿದ್ದರು, ಅಳುತ್ತಿರುವುದನ್ನು ಮುಚ್ಚಿಡುವ ಗೋಜಿಗೂ ಹೋಗಲಿಲ್ಲ. ಆ ಸಡಗರದಲ್ಲಿಯೇ ಸಂಘಟಕರೊಬ್ಬರು ಒಂದು ಅರ್ಜಿ ತಂದುಕೊಟ್ಟರು. ಗೆದ್ದ ತಂಡ ಹದಿನೈದು ದಿನಗಳಲ್ಲಿ ವಲಯ ಮಟ್ಟದ ಸ್ಪರ್ಧೆಗೆ ಹೋಗಬೇಕು. ನಾಲ್ಕು ಹೆಸರು, ನಾಲ್ಕು ಸಹಿ, ಇವತ್ತೇ. ಮೂವರ ಸಹಿಯಾಗಿ ಪೆನ್ನು ಅವನ ಕೈಗೆ ಬಂತು.

“ನನ್ನ ಹೆಸರು ಬೇಡ ಮೇಷ್ಟ್ರೇ.”

“ಹೀರೋಗೆ ತಲೆ ತಿರುಗ್ತಾ ಇದೆ,” ಕಂಡಕ್ಟರ್ ನಕ್ಕ. “ಯಾರಾದ್ರೂ ನೀರು ಕೊಡ್ರಪ್ಪಾ.”

“ತಮಾಷೆ ಅಲ್ಲ. ನಾಳೆ ನಾನು ಹೆಂಡ್ತಿ ಊರಲ್ಲಿ ಕೆಲಸಕ್ಕೆ ಸೇರಬೇಕು. ನಾಳೆ ಹೋಗಲಿಲ್ಲ ಅಂದ್ರೆ ಆ ಜಾಗ ಇಲ್ಲ. ಮಗಳು ಕಂಡವರ ಮನೇಲಿ ಮಲಗ್ತಾ ಇದ್ದಾಳೆ. ಇನ್ನು ವಾಪಸ್ ಬರಲ್ಲ.”

ಮೇಷ್ಟ್ರ ಮುಖದ ಮೇಲೆ ಕಣ್ಣೀರು ಇನ್ನೂ ಒಣಗಿರಲಿಲ್ಲ. “ಗೆದ್ದ ದಿನ ಆಡೋ ಮಾತಾ ಇದು? ಎರಡು ತಿಂಗಳಿಂದ ಬಾಯಲ್ಲಿ ಏನಿಟ್ಕೊಂಡಿದ್ದೆ?”

“ಸೋಲ್ತೀವಿ ಅಂದ್ಕೊಂಡಿದ್ದೆ. ಸೋತಿದ್ರೆ ಹೇಳೋ ಪ್ರಮೇಯವೇ ಇರ್ತಿರಲಿಲ್ಲ.”

“ಅಂದ್ರೆ ಇಷ್ಟು ದಿನ ನಾವು ಸೋಲಲಿ ಅಂತ ಕಾಯ್ತಾ ನಮ್ಮ ಪಕ್ಕದಲ್ಲೇ ಕೂತಿದ್ಯಾ?” ಎಂದರು ಡಾಕ್ಟರಮ್ಮ.

ಅವನು ಪೆನ್ನನ್ನು ಮೇಜಿನ ಮೇಲಿಟ್ಟ. “ಹೌದು ಡಾಕ್ಟರಮ್ಮ. ಆ ಮುದುಕರ ಒಂಟೆ ಅವತ್ತು ನನಗೆ ಕಂಡಿತ್ತು.”

ಮೇಷ್ಟ್ರು ಅರ್ಜಿಯನ್ನು ನಾಲ್ಕು ಮಡಿಕೆ ಮಾಡಿ, ಅಂಗಿಯ ಜೇಬಿಗೆ ತುರುಕಿ, ಕಿಟಕಿಯ ಕಡೆ ತಿರುಗಿ ನಿಂತರು. ಡಾಕ್ಟರಮ್ಮ ಕಪ್ಪನ್ನು ಸೆರಗಿನ ತುದಿಯಿಂದ ಒರೆಸತೊಡಗಿದರು. ಅದು ಆಗಲೇ ಹೊಳೆಯುತ್ತಿತ್ತು. ಅವನು ಚೀಲವನ್ನು ಹೆಗಲಿಗೇರಿಸಿ ಒಂದು ನಿಮಿಷ ಅಲ್ಲೇ ನಿಂತ. ಹೋಗು ಎನ್ನುವವರಿಲ್ಲ, ಇರು ಎನ್ನುವವರೂ ಇಲ್ಲ.

ಕಂಡಕ್ಟರ್ ಹಲಗೆಯ ಮೇಲಿನ ಕಾಯಿಗಳನ್ನು ಒಂದೊಂದಾಗಿ ಡಬ್ಬಿಗೆ ಹಾಕುತ್ತಿದ್ದ. ತಲೆ ಎತ್ತದೆಯೇ ಹೇಳಿದ:

“ಐದೂವರೆ ಬಸ್ಸಿಗೆ ಐದೂವರೆಗೆ ಹೋಗ್ಬೇಡ. ಆ ಡ್ರೈವರ್ ಹತ್ತು ನಿಮಿಷ ಮುಂಚೆನೇ ಎತ್ಕೊಂಡು ಹೋಗ್ತಾನೆ. ಓಡು.”