ಪ್ರಕೃತಿ ಕ್ಲಾಸಿಗೆ ನಾನು ಒಯ್ದ ಏಡಿಗಳು

ಅಬುಧಾಬಿಯಲ್ಲಿ ಸೆಕೆ ಇಳಿಯುತ್ತಲೇ ನಮ್ಮ ಹತ್ತಿರದ ಪಾರ್ಕಿನಲ್ಲಿ ಶನಿವಾರ ಬೆಳಿಗ್ಗೆ ಪುಟ್ಟ ಮಕ್ಕಳಿಗೆ ಪ್ರಕೃತಿ ಕ್ಲಾಸು ಶುರುವಾಗುತ್ತಿತ್ತು. ಗೋಡೆಯಿಲ್ಲ, ಬೋರ್ಡಿಲ್ಲ, ಗಾಫ್ ಮರದ ಕೆಳಗೆ ಮಣ್ಣು ಕಲಸುವುದು, ಎಲೆ ಮೂಸುವುದು, ಇರುವೆಯ ಹಿಂದೆ ಹೋಗುವುದು. ನಾನು ಆಸ್ಪತ್ರೆಯಲ್ಲಿ ನರ್ಸು, ಮನೆ ಹನ್ನೊಂದನೇ ಮಹಡಿಯಲ್ಲಿ. ಐದು ವರ್ಷದ ಮಗನ ಕಾಲಿಗೆ ಸ್ವಲ್ಪ ಮಣ್ಣು ತಾಗಲಿ ಎಂದು ಆಸೆಪಟ್ಟು ಸೇರಿಸಿದೆ. ಟೀಚರ್ ಬೆಂಗಳೂರಿನವಳು, ಕನ್ನಡ ಬರುತ್ತದೆ ಎಂದು ಇನ್ನೂ ಖುಷಿ.

ಎರಡನೇ ವಾರ ಡಬ್ಬಿಗೆ ಅನ್ನ, ಹುರಿದ ಬಂಗುಡೆ ಹಾಕಿಕೊಟ್ಟೆ. ಮುಳ್ಳನ್ನೂ ಬಿಡಿಸಿದ್ದೆ. ಕರೆತರಲು ಹೋದರೆ ಮಗು ಹಸಿದು ಮುಖ ಬಾಡಿಸಿಕೊಂಡು ಕೂತಿದೆ. ಡಬ್ಬಿ ದೂರದ ಕಟ್ಟೆಯ ಮೇಲೆ, ಪ್ಲಾಸ್ಟಿಕ್ ಚೀಲದೊಳಗೆ ಗಂಟು ಬಿಗಿದುಕೊಂಡು.

"ಬೇಜಾರ್ ಮಾಡ್ಕೋಬೇಡಿ, ಸ್ಮೆಲ್ ಬರತ್ತೆ. ಬೇರೆ ಮಕ್ಳು ಮೂಗು ಮುಚ್ಕೊಂಡ್ರು. ನೆಕ್ಸ್ಟ್ ಟೈಮ್ ಏನಾದ್ರೂ ನ್ಯಾಚುರಲ್ ಆಗಿರೋದು ಕಳ್ಸಿ," ಎಂದಳು ಟೀಚರ್, ಎಲ್ಲ ತಾಯಂದಿರ ಎದುರು.

ಬಂಗುಡೆ ಏನು ಫ್ಯಾಕ್ಟರಿಯಲ್ಲಿ ಹುಟ್ಟುತ್ತದೆಯೇ? ಮೈ ಉರಿದುಹೋಯಿತು. ಗಂಟು ಬಿಗಿದ ಚೀಲವನ್ನೆತ್ತಿಕೊಂಡು ಮಗನ ಕೈ ಹಿಡಿದು ಹೊರಟೆ. ಅಂದಿನಿಂದ ಮಗ ಮನೆಯಲ್ಲೂ ಮೀನು ಮುಟ್ಟಲಿಲ್ಲ. ಒಗ್ಗರಣೆಯ ಪರಿಮಳ ಬಂದರೆ ಸಾಕು, "ಸ್ಮೆಲ್ಲಿ" ಎಂದು ಕೋಣೆಗೆ ಓಡುತ್ತಿದ್ದ. ನನ್ನ ಕೈಯಡುಗೆಗೆ ನನ್ನ ಮಗನೇ ನಾಚುವ ಹಾಗೆ ಮಾಡಿದ್ದಳು. ಅವನನ್ನು ನನ್ನ ಕಡೆಗೆ ಎಳೆದುಕೊಳ್ಳಬೇಕು, ಅವಳಿಗೊಂದು ಶಾಸ್ತಿ ಮಾಡಬೇಕು ಎಂದು ಕಾದು ಕೂತೆ.

ಅವಕಾಶವನ್ನು ಅವಳೇ ಕೊಟ್ಟಳು. ಹೆತ್ತವರೂ ಬಂದು, ಪ್ರಕೃತಿಯಿಂದ ಏನಾದರೊಂದು ತಂದು ಮಕ್ಕಳಿಗೆ ತೋರಿಸುವ ದಿನ. ಬೆಳಿಗ್ಗೆಯೇ ಅಲ್ ಮೀನಾದ ಮೀನು ಮಾರ್ಕೆಟಿಗೆ ಹೋಗಿ, "ಜಿಂದಾ ಚಾಹಿಯೇ ಭಾಯ್, ಏಕ್ದಮ್ ಜಿಂದಾ," ಎಂದು ಹೇಳಿ, ಜೀವಂತವಾಗಿ ಕಾಲಾಡಿಸುತ್ತಿದ್ದ ನೀಲಿ ಏಡಿಗಳನ್ನೇ ಆರಿಸಿದೆ. ಬಕೆಟ್ಟಿಗೆ ಒದ್ದೆ ಬಟ್ಟೆ ಮುಚ್ಚಿದೆ.

"ಸುಮ್ಮನೆ ಯಾಕೆ ಮಾರಾಯ್ತಿ?" ಎಂದರು ಗಂಡ.

"ನೀವು ಗಾಡಿ ಬಿಡಿ, ಯಲ್ಲಾ," ಎಂದು ಇಲ್ಲಿಯ ಅರಬಿಯಲ್ಲೇ ಅವಸರಿಸಿದೆ.

ಉಳಿದವರು ಚಿಪ್ಪು, ಹಕ್ಕಿಗರಿ, ಪುದೀನ ಗಿಡ ತಂದಿದ್ದರು. ನಮ್ಮ ಸರದಿ ಬಂದಾಗ ಬಕೆಟ್ಟನ್ನು ಅವಳ ಕಾಲ ಬುಡದಲ್ಲೇ ಮಗುಚಿದೆ. ಕೈ ಜಾರಿತು ಎಂದು ಎಲ್ಲರಿಗೂ ಹೇಳಿದೆ. ಜಾರಲಿಲ್ಲ. ಏಡಿಗಳು ಚಾಪೆಯ ತುಂಬ ಹರಿದಾಡಿದವು, ಮಕ್ಕಳು ಕೇಕೆ ಹಾಕಿದರು, ಟೀಚರ್ ಟೋಪಿ ಬೀಳಿಸಿಕೊಂಡು ಕಟ್ಟೆ ಹತ್ತಿ ನಿಂತಳು.

"ಪ್ಲೀಸ್ ತೆಗೀರಿ, ತೆಗೀರಿ!"

"ಎಂತ ಹೆದರಿಕೆ ಟೀಚರ್? ನ್ಯಾಚುರಲ್ ಅಲ್ವಾ?"

ಎಷ್ಟು ದಿನದಿಂದ ನಾಲಿಗೆಯ ತುದಿಯಲ್ಲಿಟ್ಟುಕೊಂಡಿದ್ದ ಮಾತು! ಹೊಟ್ಟೆ ತಣ್ಣಗಾಯಿತು. ಕೊನೆಗೆ ಏಡಿಗಳನ್ನು ಒಂದೊಂದಾಗಿ ಹಿಂದಿನಿಂದ ಹಿಡಿದು ಬಕೆಟ್ಟಿಗೆ ಹಾಕಿದ್ದು ನನ್ನ ಮಗನೇ. ನಮ್ಮ ಮನೆಯ ಸಿಂಕಿನಲ್ಲಿ ನಾನೇ ಕಲಿಸಿದ ಹಿಡಿತ ಅದು. ಮಕ್ಕಳೆಲ್ಲ ಅವನ ಸುತ್ತ ಮುತ್ತಿಕೊಂಡರು. ಮಗ ನನ್ನವನಾದ ಎಂದುಕೊಂಡೆ.

ಕಾರಿನಲ್ಲಿ ಹಿಂದೆ ತಿರುಗಿ, "ಮಧ್ಯಾಹ್ನಕ್ಕೆ ಏಡಿ ಸುಕ್ಕ ಮಾಡ್ಲಾ ಬಾಬಾ?" ಎಂದು ಕೇಳಿದೆ.

ಅವನು ಕಿಟಕಿಯ ಆಚೆ ನೋಡುತ್ತಿದ್ದ. "ಅಮ್ಮಾ, ಐ ಸೆಡ್ ಸಾರಿ ಟು ಮಿಸ್," ಎಂದ. "ಫಾರ್ ಯು."

ನಾನು ಮುಂದಕ್ಕೆ ತಿರುಗಿ ಕೂತೆ. ಅವಳು ಏನೆಂದಳು ಎಂದು ಗಂಡನೇ ಕೇಳಿದರು.

"ಶಿ ಸೆಡ್ ಇಟ್ಸ್ ಓಕೆ."

ನನ್ನನ್ನು ಕ್ಷಮಿಸಲು ಅವಳು ಯಾರು? ಆ ಒಂದು ಓಕೆಗಾಗಿ ಅವಳನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.