ಗುಮ್ಮನಿಗೆ ಎಷ್ಟು ಹಲ್ಲು?

"ಟೀಚರ್, ಗುಮ್ಮಗ ಹಲ್ಲು ಎಷ್ಟ್ ಇರ್ತಾವ್ರಿ?"

ಮೂರನೇ ಕ್ಲಾಸಿನ ಶರಣಮ್ಮ ಹೀಗೆ ಕೇಳಿದ್ದು ಮಗ್ಗಿಯ ಪೀರಿಯಡ್‌ನಲ್ಲಿ. ನಾನು ಏಳರ ಮಗ್ಗಿ ಹೇಳು ಎಂದಿದ್ದೆ. ಅವಳು ಗುಮ್ಮನ ಹಲ್ಲಿನ ಲೆಕ್ಕ ಕೇಳಿದಳು. ಇಡೀ ಕ್ಲಾಸು ಗೊಳ್ಳೆಂದಿತು. ನನಗೆ ನಗು ಬರಲಿಲ್ಲ. ಸಿಟ್ಟು ಬಂತು.

ನೆರೂಳಿನ ಪುಟ್ಟ ಕನ್ನಡ ಶಾಲೆಯೊಂದರಲ್ಲಿ ನಾನು ಟೀಚರ್ ಎಂಬುದು ಈ ಅಂಕಣ ಓದುವ ನಿಮಗೆ ಗೊತ್ತೇ ಇದೆ. ನನ್ನ ಕ್ಲಾಸಿನ ಅರ್ಧ ಮಕ್ಕಳು ನಮ್ಮ ಕರಾವಳಿ ಕಡೆಯ ಹೋಟೆಲಿನವರ, ಆಫೀಸಿನವರ ಮನೆಯವರು. ಇನ್ನರ್ಧ ಗುಲ್ಬರ್ಗಾ, ರಾಯಚೂರು ಕಡೆಯಿಂದ ಬಂದು ಇಲ್ಲಿ ಬಿಲ್ಡಿಂಗ್ ಕಟ್ಟುವವರ ಮಕ್ಕಳು. ಶರಣಮ್ಮ ಆ ಇನ್ನರ್ಧದವಳು.

ನಿಮಗೆ ಗೊತ್ತಿಲ್ಲದ್ದು ಒಂದಿದೆ. ನಮ್ಮ ಶಾಲೆಯ ಮೆಟ್ಟಿಲ ಕೆಳಗೆ ಒಂದು ಸಣ್ಣ ಕೋಣೆ. ಕಿಟಕಿಯಿಲ್ಲ, ಬಲ್ಬಿಲ್ಲ. ಮುರಿದ ಬೆಂಚು, ಹರಿದ ಮ್ಯಾಪು, ಗೋಣಿಚೀಲ ಓಟದ ಚೀಲಗಳು. ಅದಕ್ಕೆ 'ಗುಮ್ಮನ ಖೋಲಿ' ಎಂದು ಹೆಸರಿಟ್ಟವಳು ನಾನೇ. ತೀರಾ ಗಲಾಟೆ ಮಾಡಿದವರಿಗೆ ಅಲ್ಲಿ ಐದು ನಿಮಿಷ. ಚಿಲಕ ಹಾಕುತ್ತಿರಲಿಲ್ಲ. (ಇದು ನನಗೆ ನಾನೇ ಹೇಳಿಕೊಳ್ಳುತ್ತಿದ್ದ ಸಮಾಧಾನ.)

ನಾನೂ ಗುಮ್ಮನ ಕೈಯಲ್ಲೇ ಬೆಳೆದವಳು ತಾನೇ? ದೊಡ್ಡಮ್ಮನ ಗುಮ್ಮ ಬಚ್ಚಲುಮನೆಯ ಸೌದೆ ರಾಶಿಯ ಹಿಂದೆ ಇರುತ್ತಿದ್ದ. ಊಟ ಬಿಟ್ಟವರ ಕಾಲು ಹಿಡಿದು ಎಳೆಯುತ್ತಿದ್ದ. ಪಕ್ಕದ ಮನೆಯ ಮರಾಠಿ ಬಾಯಿ ಹೆದರಿಸುವ ಬಾಗುಲ್‌ಬುವಾ ಮಕ್ಕಳನ್ನು ಚೀಲದಲ್ಲಿ ತುಂಬಿಕೊಂಡು ಹೋಗುತ್ತಾನೆ. ಎಲ್ಲ ತಾಯಂದಿರಿಗೂ ಒಬ್ಬ ಬೇಕು. ಹಾಗಿದ್ದೂ ಹೋದ ವರ್ಷ ಇದೇ ಅಂಕಣದಲ್ಲಿ 'ಮಕ್ಕಳನ್ನು ಹೆದರಿಸಬೇಡಿ' ಎಂದು ನಾನು ಬರೆದದ್ದೂ ಉಂಟು. ನೀವು ಮೆಚ್ಚಿ ಪತ್ರ ಬರೆದಿರಿ. (ಖೋಲಿಯ ವಿಷಯ ಅದರಲ್ಲಿ ಬರೆದಿರಲಿಲ್ಲ.)

ಸರಿ, ಶರಣಮ್ಮನನ್ನು ಖೋಲಿಗೆ ಕಳಿಸಿದೆ. ಬೇರೆ ಮಕ್ಕಳು ಒಂದೇ ನಿಮಿಷಕ್ಕೆ "ಸಾರಿ ಟೀಚರ್" ಎಂದು ಅಳುತ್ತಾ ಬರುವವರು. ಇವಳ ಸದ್ದೇ ಇಲ್ಲ. ಹೋಗಿ ಬಾಗಿಲು ತಳ್ಳಿದರೆ ಗೋಣಿಚೀಲಗಳ ಮೇಲೆ ಮಲಗಿ ನಿದ್ದೆ ಹೊಡೆಯುತ್ತಿದ್ದಾಳೆ!

ಮೊಂಡಿ ಎಂದುಕೊಂಡೆ.

ಮರುದಿನ ಪಕ್ಕದವಳ ಜಡೆ ಎಳೆದಳು. ಖೋಲಿ. ಅದರ ಮರುದಿನ ಕಪ್ಪು ಹಲಗೆಗೆ ನೀರು ಚೆಲ್ಲಿದಳು. ಮತ್ತೆ ಖೋಲಿ. ಜೊತೆಗೆ ಪ್ರಶ್ನೆಗಳು. ಗುಮ್ಮ ಹ್ಯಾಂಗ ಒದರ್ತಾನ? ಕತ್ತಲದಾಗ ಅವಗ ಕಣ್ಣು ಕಾಣ್ತಾವ? ಮಾತು ಬರದ ಸಣ್ಣ ಕೂಸು ಹೊರಗ ಬಂದ್ರ ಅವಗ ಗೊತ್ತಾಗ್ತದ? ನಾನು ರಿಮಾರ್ಕ್ಸ್ ಪುಸ್ತಕದಲ್ಲಿ 'ಉದ್ಧಟತನ' ಎಂದು ಬರೆದೆ.

ನಾಲ್ಕನೆಯ ಸಲ ಎಷ್ಟು ಕರೆದರೂ ಏಳಲಿಲ್ಲ. ನಾನು ಗಾಬರಿಯಾಗಿ ಪ್ಯೂನ್‌ನನ್ನು ಕರೆದೆ. ಅವನು ಮುಖಕ್ಕೆ ನೀರು ಚಿಮುಕಿಸಿದ. ಹುಡುಗಿ ಥಟ್ಟನೆ ಎದ್ದು ಕೂತಳು. "ತಮ್ಮಾ!" ಎಂದು ಚೀರಿದಳು. ಎರಡೂ ಕೈಯಿಂದ ನೆಲ ತಡಕಾಡತೊಡಗಿದಳು.

ಆ ಕೈಗಳನ್ನು ನೋಡಿದ ಮೇಲೆ ನನ್ನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ. ಸ್ಟಾಫ್ ರೂಮಿಗೆ ಕರೆದುಕೊಂಡು ಹೋಗಿ ಚಹಾ ಕೊಟ್ಟೆ.

"ರಾತ್ರಿ ನಿದ್ದೆ ಮಾಡುದಿಲ್ವಾ ಮಾರಾಯ್ತಿ?"

"ಇಲ್ರಿ."

"ಯಾಕೆ? ಗುಮ್ಮ ಬರ್ತಾನೆ ಅಂತ ಹೆದರಿಕೆಯಾ?"

"ಗುಮ್ಮ ಇದ್ದಿದ್ರ ಚಲೋ ಇತ್ರಿ ಟೀಚರ್. ನಮ್ಮ ತಮ್ಮ ಸಿದ್ದು ಅಂಜಿ ಹೊರಗ ಹೋಗ್ತಿದ್ದಿಲ್ಲ."

ಆಮೇಲೆ ಅವಳು ಹೇಳಿದ್ದು ಇಷ್ಟು. ಕಟ್ಟುತ್ತಿರುವ ಬಿಲ್ಡಿಂಗಿನ ಪಕ್ಕದಲ್ಲೇ ಅವರ ಗುಡಿಸಲು. ಬಾಗಿಲಿಲ್ಲ, ಗೋಣಿ ಪರದೆ. ಹತ್ತು ಹೆಜ್ಜೆಯಾಚೆ ಸಿಮೆಂಟಿಗೆ ನೀರು ಹಿಡಿಯುವ ದೊಡ್ಡ ಟಾಕಿ, ತೆರೆದ ತೊಟ್ಟಿ, ನೆಲದ ಮಟ್ಟಕ್ಕೇ. ಅಪ್ಪನಿಗೆ ವಾಶಿ ಮಾರ್ಕೆಟ್ಟಿನಲ್ಲಿ ರಾತ್ರಿ ಲೋಡಿಂಗ್ ಕೆಲಸ. ಅವ್ವ ಹಗಲೆಲ್ಲ ತಲೆಯ ಮೇಲೆ ಸಿಮೆಂಟು ಹೊತ್ತು ರಾತ್ರಿ ಕೊರಡಿನಂತೆ ಬೀಳುವವಳು. ಹೋದ ಮಳೆಗಾಲದಲ್ಲಿ ಅವ್ವ, "ಸಿದ್ದು ಕಡೆ ನೋಡ್ಕೋ" ಎಂದು ಹೇಳಿ ಮಲಗಿದಳು. ಸಿದ್ದುವಿಗೆ ಆಗಷ್ಟೇ ನಡಿಗೆ ಬಂದಿತ್ತು. ಶರಣಮ್ಮನಿಗೆ ನಿದ್ದೆ ಬಂತು. ಬೆಳಿಗ್ಗೆ ಅವನು ಟಾಕಿಯಲ್ಲಿ ಸಿಕ್ಕಿದ.

ಈಗ ಇನ್ನೊಬ್ಬ ತಮ್ಮ, ಬಸು. ಆಗ ತೊಟ್ಟಿಲಲ್ಲಿದ್ದವನು. ಕಳೆದ ತಿಂಗಳು ಹೆಜ್ಜೆ ಇಡತೊಡಗಿದ್ದಾನೆ. ಅವ್ವನ ಹಳೇ ಸೀರೆಯ ತುಂಡಿನಿಂದ ಅವನ ಕಾಲನ್ನು ತನ್ನ ಕೈಗೆ ಕಟ್ಟಿಕೊಂಡು ಶರಣಮ್ಮ ರಾತ್ರಿಯಿಡೀ ಕೂತಿರುತ್ತಾಳೆ.

"ನಿನ್ನ ತಪ್ಪಲ್ಲ ಮಗಾ ಅದು," ಎಂದೆ.

"ನಿದ್ದಿ ಬಂದಿದ್ದು ನನಗೇ ಅಲ್ಲೇನ್ರಿ?"

ಹದಿನೆಂಟು ವರ್ಷದಿಂದ ಪಾಠ ಮಾಡುತ್ತಿದ್ದೇನೆ. ಅವಳ ಲೋಟಕ್ಕೆ ಇನ್ನಷ್ಟು ಚಹಾ ಬಗ್ಗಿಸಿದೆ.

ಗುಮ್ಮನ ಬಗ್ಗೆ ಯಾಕೆ ಅಷ್ಟೆಲ್ಲ ಕೇಳುತ್ತಿದ್ದಿ ಎಂದು ಕೇಳಿದೆ. "ಬಸುಗ ಹೇಳ್ಬೇಕ್ರಿ. ಅವಗ ಅಂಜಿಕಿ ಅಂದ್ರ ಏನಂತ ಗೊತ್ತಿಲ್ಲ. ಕಲಸ್ಬೇಕು. ನಾ ಹೇಳಿದ್ರ ನಗ್ತಾನ. ನಿಮಗ ಗುಮ್ಮ ಚಲೋ ಗೊತ್ತದಲ್ರಿ, ಹೇಳ್ರಿ."

ಹೇಳಿದೆ. ಮಕ್ಕಳನ್ನು ಹೆದರಿಸಬೇಡಿ ಎಂದು ಬರೆದ ನಾನು ಸ್ಟಾಫ್ ರೂಮಿನಲ್ಲಿ ಕೂತು ದೊಡ್ಡಮ್ಮನ ಗುಮ್ಮನನ್ನು ಪೂರ್ತಿಯಾಗಿ ಬಿಡಿಸಿ ಹೇಳಿದೆ. ಹಲ್ಲು ಮೂವತ್ತೆರಡಲ್ಲ, ಅರವತ್ತನಾಲ್ಕು. ಕಣ್ಣು ಒಲೆಯ ಕೆಂಡ. ಕಂಬಳಿ ಹೊದ್ದಿರುತ್ತಾನೆ. ಹುಂ ಎಂದು ಹೂಂಕರಿಸುತ್ತಾನೆ. ಹೊಸ್ತಿಲು ದಾಟಿದವರನ್ನು ಮಾತ್ರ ಹಿಡಿಯುತ್ತಾನೆ. ಶರಣಮ್ಮ ಒಂದೊಂದನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಅಷ್ಟು ಮುದ್ದಾದ ಅಕ್ಷರ ಅವಳು ನನ್ನ ಪಾಠಕ್ಕೆ ಎಂದೂ ಬರೆದಿರಲಿಲ್ಲ.

ಅದು ಗುರುವಾರ. ಸಂಜೆ ಶಾಲೆ ಬಿಟ್ಟ ಮೇಲೆ ಅವಳ ಜೊತೆಯಲ್ಲೇ ಸೈಟಿಗೆ ಹೋದೆ.

ಅವ್ವ ನಾಗಮ್ಮ ಕೈಕಾಲು ತೊಳೆಯುತ್ತಿದ್ದಳು. ನನ್ನನ್ನು ಕಂಡು ಸೆರಗಿನಿಂದ ಒಂದು ಇಟ್ಟಿಗೆ ಒರೆಸಿ ಕೂರಿಸಿದಳು. ಮಗಳು ಮಲಗುವುದಿಲ್ಲ ಎಂದು ಹೇಳಿದೆ.

"ನನಗ ಗೊತ್ತೇ ಇಲ್ರಿ. ನಾ ಹೆಣ ಬಿದ್ದಂಗ ಬೀಳ್ತೀನಿ. ಅಕಿಗಿ ನಾ ಒಂದ್ ಮಾತೂ ಅಂದಿಲ್ರಿ ಟೀಚರ್. ದೇವರಾಣಿ ಅಂದಿಲ್ಲ."

ಅಂದಿರಲಿಲ್ಲ, ನಿಜ. ಸಿದ್ದು ಹೋದ ಮೇಲೆ ಆ ಗುಡಿಸಲಿನಲ್ಲಿ ಅವನ ಬಗ್ಗೆ ಯಾರೂ ಏನೂ ಅಂದಿರಲಿಲ್ಲ.

ನಾಗಮ್ಮ ತಾನೇ ದಾರಿ ಹುಡುಕಿದಳು. "ಹಂಗಾದ್ರ ಸಾಲಿ ಬಿಡಸ್ತೀನ್ರಿ. ಹಗಲೊತ್ತು ಮಲಗ್ಲಿ ಕೂಸು."

ನಾನು ಹೇಳಲು ಹೋದದ್ದೇನು, ಆದದ್ದೇನು! "ಬೇಡ, ಬೇಡ. ಹುಷಾರಿದ್ದಾಳೆ, ಓದ್ತಾಳೆ," ಎಂದು ಅಂಗಲಾಚಿದೆ.

"ಮನಿಗಿ ಬಾಗಿಲಿಲ್ರಿ," ಎಂದಳು ಅವಳು. ಅಷ್ಟೇ.

ಬಾಗಿಲು ಇರಲಿಲ್ಲವೇ? ಅಲ್ಲೇ ಶೆಡ್ಡಿನಲ್ಲಿ ಹೊಸ ಬಾಗಿಲುಗಳು ಒಂದಕ್ಕೊಂದು ಒರಗಿ ನಿಂತಿದ್ದವು, ಇನ್ನೂ ಪ್ಲಾಸ್ಟಿಕ್ ಬಿಚ್ಚಿರಲಿಲ್ಲ. ಸೂಪರ್‌ವೈಸರ್‌ನನ್ನು ಕೇಳಿದೆ, ಒಂದು ಕೊಡಿ ಎಂದು. ಕೆಟ್ಟವನಲ್ಲ. ನನ್ನನ್ನು ಕೂರಿಸಿ ಫ್ಯಾನ್ ಹಾಕಿದ. "ಮೇಡಮ್, ಸಬ್ ಗಿನ್‌ಕೆ ಆಯಾ ಹೈ. ಏಕ್ ಭೀ ಕಮ್ ಹುವಾ ತೋ ಮೇರೀ ನೌಕರೀ ಗಯೀ," ಎಂದ. ಎಣಿಸಿ ಬಂದ ಬಾಗಿಲು, ಒಂದು ಕಡಿಮೆಯಾದರೂ ಅವನ ಕೆಲಸ ಹೋಗುತ್ತದೆ. ಟಾಕಿಯನ್ನಾದರೂ ಮುಚ್ಚಿಸಿ ಎಂದೆ. ಮಗು ಸತ್ತ ಮೇಲೆ ಹಲಗೆ ಮುಚ್ಚಿಸಿದ್ದರಂತೆ. ಆಮೇಲೆ ಆ ಹಲಗೆ ಸ್ಲ್ಯಾಬಿನ ಸೆಂಟ್ರಿಂಗ್‌ಗೆ ಬೇಕಾಯಿತಂತೆ, ಕಾಂಕ್ರೀಟಿಗೆ ಕೆಳಗಿನಿಂದ ಆಸರೆ ಕೊಡಲು.

ನಾನೇ ಒಂದು ಬಾಗಿಲು ತರುತ್ತೇನೆ, ಶಾಲೆ ಬಿಡಿಸಬೇಡ ಎಂದು ನಾಗಮ್ಮನಿಗೆ ಹೇಳಿ ಬಂದೆ. ಅವಳು "ಹ್ಞೂಂ ರಿ" ಎಂದಳು.

ಶುಕ್ರವಾರ ಶರಣಮ್ಮ ಬರಲಿಲ್ಲ. ಶನಿವಾರವೂ ಇಲ್ಲ. ಭಾನುವಾರ ಡೊಂಬಿವಲಿಯಲ್ಲಿ ತಂಗಿಯ ಮಗುವಿನ ನಾಮಕರಣ, ತಪ್ಪಿಸುವ ಹಾಗಿರಲಿಲ್ಲ. (ತೊಟ್ಟಿಲು ತೂಗಿ ಹಾಡಿದೆ ಕೂಡ.) ಸೋಮವಾರದಿಂದ ಪರೀಕ್ಷೆಯ ಪೇಪರುಗಳು. ಹೀಗೆ ಆ ವಾರವೂ ಕಳೆಯಿತು.

ಎರಡನೆಯ ಭಾನುವಾರ ತುರ್ಭೆಯ ಹಳೇ ಸಾಮಾನಿನ ಅಂಗಡಿಯಲ್ಲಿ ಒಂದು ಬಾಗಿಲು ಸಿಕ್ಕಿತು. ಹಸಿರು ಬಣ್ಣದ್ದು. ಒಳಗಡೆ ಗಟ್ಟಿ ಚಿಲಕ, ಮಗುವಿನ ಕೈಗೆ ಎಟುಕದಷ್ಟು ಎತ್ತರದಲ್ಲಿ. ಟೆಂಪೊದಲ್ಲಿ ಹಾಕಿಸಿಕೊಂಡು ಸೈಟಿಗೆ ಹೋದೆ.

ಗುಡಿಸಲು ಇದ್ದ ಜಾಗದಲ್ಲಿ ಮೂರು ಕಲ್ಲು, ಒಲೆಯ ಮಸಿ. ಟಾಕಿಯಲ್ಲಿ ನೀರು ಇತ್ತು.

"ವೋ ಗ್ಯಾಂಗ್ ತೋ ಪರ್ಸೋ ಗಯಾ," ಎಂದ ವಾಚ್‌ಮನ್. ಆ ಕೂಲಿಯವರ ಗುಂಪೇ ಮೊನ್ನೆ ಹೋಯಿತಂತೆ. ಎಲ್ಲಿಗೆ? ಕಲ್ಯಾಣದ ಕಡೆ ಇರಬಹುದು, ಭಿವಂಡಿ ಇರಬಹುದು. ಯಾರು ಬರೆದಿಟ್ಟುಕೊಳ್ಳುತ್ತಾರೆ?

"ಬಾಯಿ, ಯೇ ಕಿಧರ್ ಉತಾರನೇ ಕಾ?" ಟೆಂಪೊದವನು ಬಾಗಿಲ ಮೇಲೆ ಕೈಯಿಟ್ಟು ಕೇಳಿದ, ಇದನ್ನು ಎಲ್ಲಿ ಇಳಿಸಲಿ ಎಂದು.

ಅವನಿಗೆ ಏನು ಹೇಳಿದೆನೋ ನೆನಪಿಲ್ಲ. ನನ್ನನ್ನು ನಾನೇ ಕೇಳಿಕೊಂಡದ್ದು ಮಾತ್ರ ನೆನಪಿದೆ: ನೆರೂಳಿನಿಂದ ತುರ್ಭೆ ಅರ್ಧ ಗಂಟೆಯ ದಾರಿ, ನನಗೆ ಹತ್ತು ದಿನ ಯಾಕೆ ಬೇಕಾಯಿತು?